ಅಗ್ಗದ ಬೇಸ್ ಗಿಟಾರಿನಲ್ಲಿ ಮೊದಲು ನೋಡಬೇಕಾದದ್ದು ನೆಕ್

ಹುಬ್ಬಳ್ಳಿಯಲ್ಲಿ ತಂತಿವಾದ್ಯಗಳ ರಿಪೇರಿ ಮಾಡುವ ನನ್ನ ಬಳಿಗೆ ಗದಗ, ಹಾವೇರಿ ಕಡೆಯ ರಸಮಂಜರಿ ತಂಡಗಳ ಬೇಸ್ ಗಿಟಾರುಗಳು ಗಣೇಶನ ಹಬ್ಬಕ್ಕೆ ಮುಂಚೆ ಸಾಲಾಗಿ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಫೆಂಡರ್ ಬದಲು ಸ್ಕ್ವಾಯರ್, ಮ್ಯೂಸಿಕ್ ಮ್ಯಾನ್ ಬದಲು ಸ್ಟರ್ಲಿಂಗ್. ಅಂದರೆ ಮೂಲ ಕಂಪನಿಯೇ ಅಥವಾ ಅದರ ಪರವಾನಗಿ ಪಡೆದವರು ದುಬಾರಿ ಮಾದರಿಯ ವಿನ್ಯಾಸವನ್ನೇ ಕಡಿಮೆ ಬೆಲೆಗೆ ತಯಾರಿಸುವ ವಾದ್ಯಗಳು. ತಂದವರ ಬೇಡಿಕೆಯೂ ಬಹುತೇಕ ಒಂದೇ ಆಗಿರುತ್ತದೆ: "ಅಣ್ಣಾರ, ಇದರ ಪಿಕಪ್ ತಗದು ಛಲೋದು ಹಾಕಿಕೊಡ್ರಿ."

ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಈ ಪಿಕಪ್ಪಿಗೆ ಕೈ ಹಾಕುವ ಮೊದಲು ನಾನು ನೆಕ್ಕಿನ, ಅಂದರೆ ವಾದ್ಯದ ಉದ್ದ ಕತ್ತಿನ, ಅಂಚಿನುದ್ದಕ್ಕೂ ಬೆರಳು ಸವರಿ ನೋಡುತ್ತೇನೆ. ನಮ್ಮ ಕಡೆಯ ಬೇಸಿಗೆಯ ಒಣಹವೆಗೆ ಕಟ್ಟಿಗೆ ಕುಗ್ಗಿದಾಗ ಫ್ರೆಟ್‌ಗಳ (ನೆಕ್ಕಿಗೆ ಅಡ್ಡಲಾಗಿ ಕೂಡಿಸಿದ ಲೋಹದ ಪಟ್ಟಿಗಳ) ತುದಿ ಹೊರಚಾಚಿ ಅಂಗೈಗೆ ಗೀರುತ್ತವೆ. ಕಾರ್ಖಾನೆಯಲ್ಲಿ ಉಳಿತಾಯ ಮಾಡುವುದು ಮುಖ್ಯವಾಗಿ ಇಂಥ ಕಡೆ: ಫ್ರೆಟ್ ತುದಿಗಳನ್ನು ಉಜ್ಜಿ ದುಂಡಗಾಗಿಸುವುದು, ನಟ್‌ನ (ನೆಕ್ಕಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ) ಕಚ್ಚುಗಳನ್ನು ಸರಿಯಾದ ಆಳಕ್ಕೆ ಕೊರೆಯುವುದು ಮುಂತಾದ, ಯಂತ್ರಕ್ಕಿಂತ ಮನುಷ್ಯನ ಕೈ ಹೆಚ್ಚು ಹೊತ್ತು ಬೇಡುವ ಕೆಲಸಗಳಲ್ಲಿ. ಇವೆಲ್ಲವನ್ನೂ ನನ್ನ ಮೇಜಿನ ಮೇಲೆಯೇ ಸರಿಪಡಿಸಬಹುದು. ಆದರೆ ನೆಕ್ ತಿರುಚಿಕೊಂಡಿದ್ದರೆ ಅಥವಾ ಅದರ ಬಾಗು ತಿದ್ದಲು ಒಳಗಿರುವ ಲೋಹದ ಸರಳು, ಟ್ರಸ್ ರಾಡ್, ಆಗಲೇ ಕೊನೆಯವರೆಗೆ ಬಿಗಿದಿದ್ದೂ ಬಾಗು ಹಾಗೆಯೇ ಉಳಿದಿದ್ದರೆ, ಅಂಥ ವಾದ್ಯಕ್ಕೆ ದುಬಾರಿ ಪಿಕಪ್ ಹಾಕಿಸುವುದು ದುಡ್ಡು ದಂಡ ಎಂದು ನೇರವಾಗಿಯೇ ಹೇಳುತ್ತೇನೆ. ನೆಕ್ ಸರಿಯಿದ್ದರೆ, ಹನ್ನೆರಡನೆಯ ಫ್ರೆಟ್ಟಿನ ಮೇಲೆ ದಪ್ಪ ತಂತಿಯ ಎತ್ತರವನ್ನು ಎರಡೂವರೆ ಮಿಲಿಮೀಟರ್ ಆಸುಪಾಸಿಗೆ ಇಳಿಸಿ, ಹೊಸ ತಂತಿ ಕಟ್ಟಿ ಕೈಗೆ ಕೊಟ್ಟ ಮೇಲೆ ಪಿಕಪ್‌ನ ಮಾತನ್ನು ಹೆಚ್ಚಿನವರು ಮತ್ತೆ ಎತ್ತುವುದಿಲ್ಲ.

ಅಗ್ಗದ್ದೆಂದರೆ ಕಳಪೆ ಎಂಬ ಎಣಿಕೆಗೆ ಸ್ಕ್ವಾಯರ್‌ನ ಚರಿತ್ರೆಯೇ ಉತ್ತರ ಕೊಡುತ್ತದೆ. ಜಪಾನಿನ ನಕಲುಗಳು ಮಾರುಕಟ್ಟೆಯನ್ನು ಕಸಿಯುತ್ತಿದ್ದಾಗ ಫೆಂಡರ್ 1982ರಲ್ಲಿ ಜಪಾನಿನಲ್ಲಿಯೇ ಈ ಹೆಸರಿನ ವಾದ್ಯಗಳನ್ನು ಮಾಡಿಸತೊಡಗಿತು. ಆ ಮೊದಲ ವರ್ಷಗಳ ವಾದ್ಯಗಳನ್ನು ಇಂದು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ.

ಎಲ್ಲ ಮಾದರಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ಸರಿಯಲ್ಲ. 1957ರಿಂದ ಈಚಿನ ಫೆಂಡರ್ ಪ್ರಿಸಿಷನ್ ಬೇಸ್ ವಿನ್ಯಾಸದಲ್ಲಿ ಇರುವುದು ಎರಡು ತುಂಡಾದ ಒಂದು ಪಿಕಪ್, ಒಂದು ವಾಲ್ಯೂಮ್, ಒಂದು ಟೋನ್, ಇಷ್ಟೇ. ಕೆಡಲು ಹೆಚ್ಚೇನೂ ಇಲ್ಲದ್ದರಿಂದ ಅದರ ಅಗ್ಗದ ರೂಪ ಮೂಲಕ್ಕೆ ತೀರ ಹತ್ತಿರ ನಿಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಮ್ಯೂಸಿಕ್ ಮ್ಯಾನ್ ಕಂಪನಿಯ 1976ರ ಸ್ಟಿಂಗ್‌ರೇ ಹಾಗಲ್ಲ. ಅದರ ನಾದದ ಬಹುಪಾಲು ಒಳಗಿನ ಪ್ರೀಆಂಪ್‌ನಿಂದ, ಅಂದರೆ ಪಿಕಪ್‌ನ ಸಂಕೇತವನ್ನು ಬ್ಯಾಟರಿಯ ಬಲದಿಂದ ಹೆಚ್ಚಿಸಿ ತಿದ್ದುವ ಸರ್ಕ್ಯೂಟಿನಿಂದ ಬರುತ್ತದೆ. ಅಲ್ಲಿ ಮಾಡಿದ ಉಳಿತಾಯ ಕಿವಿಗೆ ಬೀಳುತ್ತದೆ. (ಸದ್ದೇ ಬರುವುದಿಲ್ಲ ಎಂದು ತಂದ ಸ್ಟರ್ಲಿಂಗ್‌ಗಳಲ್ಲಿ ಹಲವಕ್ಕೆ ಬೇಕಾಗಿದ್ದದ್ದು ಹೊಸ ಒಂಬತ್ತು ವೋಲ್ಟ್ ಬ್ಯಾಟರಿ ಮಾತ್ರ. ಕೇಬಲ್ಲನ್ನು ಜಾಕಿನಲ್ಲಿಯೇ ಬಿಟ್ಟು ಮಲಗಿದರೆ ಬ್ಯಾಟರಿ ಖಾಲಿಯಾಗುತ್ತದೆ.)

ಇನ್ನು ಮಂಟಪದ ಮುಂದಿನ ಕಾರ್ಯಕ್ರಮದ ವಿಷಯ. ಬೇಸ್‌ನ ದಪ್ಪ ತಂತಿಯ ಮೂಲ ಸ್ವರ ಸುಮಾರು 41 ಹರ್ಟ್ಸ್. ಬಾಡಿಗೆಗೆ ತರುವ ಸಣ್ಣ ಸ್ಪೀಕರುಗಳು ಅಷ್ಟು ಕೆಳಗಿನ ಸ್ವರವನ್ನು ಸರಿಯಾಗಿ ಹೊಮ್ಮಿಸುವುದಿಲ್ಲವಾದ್ದರಿಂದ, ಹಳೆಯ ಮತ್ತು ಹೊಸ ಪಿಕಪ್‌ಗಳ ನಡುವಿನ ಸೂಕ್ಷ್ಮ ವ್ಯತ್ಯಾಸ ಕೇಳುಗರನ್ನು ಮುಟ್ಟುವ ಸಂಭವ ಕಡಿಮೆ. ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಮಾಡುವವರ ಲೆಕ್ಕ ಬೇರೆ. ಅವರಿಗೆ ಪಿಕಪ್ ಬದಲಿಸಿಕೊಡಲು ನಾನು ಹಿಂಜರಿಯುವುದಿಲ್ಲ. ಆದರೆ ಬದಲಿಸಿದವರಿಗೆಲ್ಲ ಹಳೆಯ ಪಿಕಪ್ಪನ್ನೂ ಸ್ಕ್ರೂಗಳನ್ನೂ ಒಂದು ಡಬ್ಬಿಯಲ್ಲಿ ಹಾಕಿಕೊಡುತ್ತೇನೆ, ಏಕೆಂದರೆ ಮುಂದೆ ವಾದ್ಯ ಮಾರುವಾಗ ಹೊಸ ಭಾಗದ ಬೆಲೆಯನ್ನು ಕೊಳ್ಳುವವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಳೆಯದನ್ನು ಮರಳಿ ಕೂಡಿಸಿ, ಹೊಸದನ್ನು ಬೇರೆಯಾಗಿ ಮಾರಿಕೊಳ್ಳುವುದೇ ಲಾಭದ ದಾರಿ.