ಸೋಮವಾರಕ್ಕೆ ಎಂ, ಮಂಗಳವಾರಕ್ಕೂ ಎಂ

ಆ ತಾಯಿ ಗೋಡೆಯ ಕ್ಯಾಲೆಂಡರನ್ನೇ ಕಿತ್ತುಕೊಂಡು ಅಮೆರಿಕದ ನಮ್ಮ ಶಾಲೆಗೆ ಬಂದಿದ್ದರು. ಮಾಂಸದಂಗಡಿಯವರು ಹೊಸ ವರ್ಷಕ್ಕೆ ಪುಕ್ಕಟೆ ಕೊಡುವಂಥದ್ದು. ಮೇಲೆ ಗ್ವಾದಲೂಪೆ ಮಾತೆಯ (ಮೆಕ್ಸಿಕೊದವರ ಮೇರಿ ಮಾತೆ) ಚಿತ್ರ, ಕೆಳಗೆ ಸ್ಪ್ಯಾನಿಷಿನಲ್ಲಿ ವಾರಗಳ ಹೆಸರು. ನಮ್ಮಲ್ಲಿ ಕಿರಾಣಿ ಅಂಗಡಿಯವರು ಲಕ್ಷ್ಮಿ ಫೋಟೊ ಹಾಕಿ ಕೊಡ್ತಾರಲ್ಲ, ಥೇಟ್ ಹಾಗೇ. ಅದನ್ನು ನನ್ನ ಮೇಜಿನ ಮೇಲೆ ಹರಡಿ, ಒಂದು ಚೌಕದ ಮೇಲೆ ಬೆರಳಿಟ್ಟು ಕೇಳಿದರು: "ಮಾಯೆಸ್ತ್ರಾ, ತಪ್ಪು ನಂದಾ, ಶಾಲೇದಾ?"

ಆದದ್ದು ಇಷ್ಟು. ಅವರ ಗಂಡ ಮನೆಗಳ ಚಾವಣಿ ರಿಪೇರಿ ಮಾಡುವವರು. ಆಲಿಕಲ್ಲು ಮಳೆ ಬಿದ್ದ ಊರು ಹುಡುಕಿಕೊಂಡು ಹೋಗುತ್ತಾರೆ, ತಿಂಗಳಲ್ಲಿ ಎರಡು ವಾರ ಹೊರಗೇ. ಮಗನಿಗೆ ಏಳು ವರ್ಷ, ಹುಟ್ಟಿನಿಂದ ಕಿವುಡ. ಅಪ್ಪ ಮಂಗಳವಾರ ಬರುತ್ತಾನೆ ಅಂತ ಅವನಿಗೆ ಹೇಳಬೇಕಿತ್ತು. ಸ್ಪ್ಯಾನಿಷಿನಲ್ಲಿ ಮಂಗಳವಾರಕ್ಕೆ ‘ಮಾರ್ತೆಸ್’. ಶಾಲೆಯಿಂದ ಕಳಿಸಿದ್ದ ಬೆರಳಕ್ಷರದ (ಬೆರಳಲ್ಲೇ ಎಬಿಸಿಡಿ ತೋರಿಸುವ) ಹಾಳೆ ನೋಡಿ ಆ ತಾಯಿ ‘ಎಂ’ ಕಲಿತರು. ಅಪ್ಪನ ಸನ್ನೆ ಮಾಡಿದರು, ‘ಎಂ’ ತೋರಿಸಿದರು. ಆದರೆ ಶಾಲೆಯಲ್ಲಿ ಅವನು ಕಲಿಯುವುದು ಎಎಸ್‌ಎಲ್, ಅಂದರೆ ಅಮೆರಿಕನ್ ಸನ್ನೆ ಭಾಷೆ. ಅದರಲ್ಲಿ ‘ಎಂ’ ಕೈಯನ್ನು ಸುತ್ತಿಸಿದರೆ ಅದು ‘ಮಂಡೇ’, ಸೋಮವಾರ. ಮಂಗಳವಾರಕ್ಕೆ ‘ಟಿ’.

ಹುಡುಗ ಸೋಮವಾರ ಶಾಲೆಯಿಂದ ಹೋದವನೇ ಬಾಗಿಲ ಬಳಿ ಕೂತ. ಊಟಕ್ಕೂ ಏಳಲಿಲ್ಲ. ರಾತ್ರಿ ಹತ್ತಾಯಿತು, ಅಪ್ಪ ಬರಲಿಲ್ಲ. ಶೂ ಬಿಚ್ಚಿ ಟಿವಿಗೆ ಎಸೆದ. ಯಾಕೆ ಅಂತ ಅಮ್ಮನಿಗೆ ತಿಳಿಯಲಿಲ್ಲ, ಹೇಳಲು ಅವನಿಗೆ ಬರಲಿಲ್ಲ. ಕೊನೆಗೆ ಹನ್ನೆರಡು ವರ್ಷದ ಅಕ್ಕ ಗಂಟು ಬಿಡಿಸಿದಳು.

ತಪ್ಪು ಅವರದ್ದಲ್ಲ ಅಂದೆ. ಶಾಲೆಯದ್ದು ಅನ್ನೋಕೆ ಬಾಯಿ ಬರಲಿಲ್ಲ, ಸಂಬಳ ಅಲ್ಲಿಂದಲೇ ಬರುತ್ತೆ ನೋಡಿ.

ನಾನು ಬಾದಾಮಿ ಕಡೆಯವಳು. ಮದುವೆಯಾಗಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೊಗೆ ಬಂದು ಒಂಬತ್ತು ವರ್ಷ. ಆರು ವರ್ಷದಿಂದ ಇಲ್ಲಿನ ಒಂದು ಸರ್ಕಾರಿ ಶಾಲೆಯ ಕಿವುಡ ಮಕ್ಕಳ ತರಗತಿಯಲ್ಲಿ ಕೆಲಸ. ಟೀಚರ್ ಅಲ್ಲ, ಟೀಚರ್‌ಗೆ ಸಹಾಯಕಿ. ಆದರೂ ತಾಯಂದಿರು ‘ಮಾಯೆಸ್ತ್ರಾ’ ಅಂತಲೇ ಕರೆಯುತ್ತಾರೆ. ನಮ್ಮ ಕಡೆ ‘ಅಕ್ಕೋರು’ ಅಂದ ಹಾಗೆ. ಮೊದಮೊದಲು ತಿದ್ದುತ್ತಿದ್ದೆ, ಈಗ ಸುಮ್ನೆ ಕರೆಸಿಕೊಳ್ಳುತ್ತೇನೆ. ಎಎಸ್‌ಎಲ್ ಕಲಿತಿದ್ದು ಸಂಜೆ ಕಾಲೇಜಿನಲ್ಲಿ. ಸ್ಪ್ಯಾನಿಷ್ ಕಲಿತಿದ್ದು ಬಸ್‌ಸ್ಟಾಪಿನಲ್ಲಿ, ಅದಕ್ಕೇ ಅದು ಇವತ್ತಿಗೂ ಮುರುಕು. ಈ ಊರಿನ ಅರ್ಧಕ್ಕಿಂತ ಜಾಸ್ತಿ ಜನ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದವರು. ನಮ್ಮ ತರಗತಿಯ ಎಂಟು ಮಕ್ಕಳಲ್ಲಿ ಆರು ಮಕ್ಕಳ ಮನೆಮಾತು ಸ್ಪ್ಯಾನಿಷ್, ಒಂದರದ್ದು ವಿಯೆಟ್ನಾಮಿ.

ಮನೆಮಾತು ಅಂದೆನಲ್ಲ, ಆ ಪದದಲ್ಲೇ ತೊಡಕಿದೆ. ಶಾಲೆಗೆ ಸೇರಿಸುವಾಗ ಒಂದು ಫಾರಂ ತುಂಬಬೇಕು. ಮನೆಯಲ್ಲಿ ಹೆಚ್ಚಾಗಿ ಬಳಸುವ ಭಾಷೆ ಯಾವುದು? ಮಗು ಹೆಚ್ಚಾಗಿ ಬಳಸುವ ಭಾಷೆ ಯಾವುದು? ಈ ತಾಯಿ ಎರಡಕ್ಕೂ ‘ಎಸ್ಪಾನ್ಯೋಲ್’ ಅಂತ ಬರೆದಿದ್ದರು. ಎರಡನೇ ಉತ್ತರ ಸುಳ್ಳಲ್ಲ, ನಿಜವೂ ಅಲ್ಲ. ಹುಡುಗ ಸ್ಪ್ಯಾನಿಷಿನ ಒಂದು ಪದವನ್ನೂ ಕಿವಿಯಿಂದ ಕೇಳಿದವನಲ್ಲ. ಆದರೆ ಆ ಮನೆಯಲ್ಲಿ ಅವನು ಬೇರೆ ಯಾವ ಭಾಷೆಯನ್ನು ಬಳಸುತ್ತಿದ್ದ ಅಂತ ಬರೆಯೋದು? ಕೈಬೀಸು, ಮುಖಭಾವ, ಎಳೆದುಕೊಂಡು ಹೋಗಿ ಫ್ರಿಜ್ ತೋರಿಸೋದು. ಅದಕ್ಕೆ ಫಾರಂನಲ್ಲಿ ಜಾಗ ಇಲ್ಲ.

ಆ ಒಂದು ಪದ ಬರೆದದ್ದಕ್ಕೆ ಹುಡುಗ ‘ಇಂಗ್ಲಿಷ್ ಕಲಿಯುತ್ತಿರುವವರ’ ಪಟ್ಟಿಗೂ ಸೇರಿದ. ಆ ಪಟ್ಟಿಯ ಮಕ್ಕಳಿಗೆ ರಾಜ್ಯದ ಪರೀಕ್ಷೆ ಇರುತ್ತದೆ: ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು. ಕಿವುಡ ಮಗುವಿಗೆ ಕೇಳುವ ಪರೀಕ್ಷೆ ಬೇಡ ಅನ್ನೋದಕ್ಕೂ ಒಂದು ಮೀಟಿಂಗ್ ಕೂತು ತೀರ್ಮಾನ ಬರೆಯಬೇಕು!

ಆ ಮೀಟಿಂಗಿಗೆ ಟೆಕ್ಸಾಸಿನಲ್ಲಿ ‘ಆರ್ಡ್’ ಅನ್ನುತ್ತಾರೆ. ಉದ್ದ ಹೆಸರಿನ ಮೊದಲ ಅಕ್ಷರಗಳು. ವಿಶೇಷ ಶಿಕ್ಷಣದ ಮಕ್ಕಳಿಗೆ ಪ್ರತಿ ವರ್ಷ ಏನು ಕಲಿಸಬೇಕು, ಏನೇನು ನೆರವು ಬೇಕು ಅಂತ ತಾಯಿತಂದೆಯನ್ನೂ ಕೂರಿಸಿಕೊಂಡು ನಿರ್ಧರಿಸುವ ಸಭೆ. ಅಮೆರಿಕದಲ್ಲಿ ಇದಕ್ಕೆ 1975ರ ಕಾನೂನಿನ ಬೆನ್ನೆಲುಬಿದೆ. ಅಲ್ಲಿ ನಡೆಯುವುದು ಪೋಷಕರಿಗೆ ಅರ್ಥವಾಗಬೇಕು, ಅದಕ್ಕೆ ದುಭಾಷಿಯನ್ನು ಶಾಲೆಯೇ ಕರೆಸಬೇಕು. ಇಂಗ್ಲಿಷ್ ಬಾರದ ಪೋಷಕರ ಭಾಷೆ ಸ್ಪ್ಯಾನಿಷ್ ಆಗಿದ್ದರೆ ಯೋಜನೆಯ ಪ್ರತಿಯನ್ನು ಸ್ಪ್ಯಾನಿಷಿನಲ್ಲಿ ಬರೆದಾದರೂ ಕೊಡಬೇಕು, ಧ್ವನಿಮುದ್ರಿಸಿಯಾದರೂ ಕೊಡಬೇಕು ಅಂತ ಟೆಕ್ಸಾಸಿನ ಕಾನೂನು ಹೇಳುತ್ತದೆ. ಬೇರೆ ಭಾಷೆಯಾದರೆ ಪ್ರಾಮಾಣಿಕ ಪ್ರಯತ್ನ ಮಾಡಿದರೆ ಸಾಕು. (ಕನ್ನಡಕ್ಕೆ ಆ ಪ್ರಯತ್ನ ಹೇಗಿರುತ್ತಿತ್ತೋ ಅಂತ ಒಮ್ಮೊಮ್ಮೆ ನಗು ಬರುತ್ತದೆ.)

ಹಾಗಾಗಿ ಕಾಗದದ ಮೇಲೆ ಈ ತಾಯಿಗೆ ಕೊರತೆ ಇಲ್ಲ. ಆದರೆ ಮೀಟಿಂಗ್ ವರ್ಷಕ್ಕೆ ಒಂದೆರಡು ಸಲ. ಮಗ ದಿನಾ ನಾಲ್ಕು ಗಂಟೆಗೆ ಮನೆಗೆ ಬರುತ್ತಾನೆ.

ಅವನ ಜೊತೆ ಮಾತಾಡಲು ಅವರಿಗೆ ಎಎಸ್‌ಎಲ್ ಬೇಕು. ಪೋಷಕರಿಗೆ ಎಎಸ್‌ಎಲ್ ತರಗತಿ ಇತ್ತು, ಪುಕ್ಕಟೆ, ಗುರುವಾರ ಸಂಜೆ. ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಟೀಚರ್ ಇಂಗ್ಲಿಷ್ ಪದ ಹೇಳುತ್ತಾರೆ, ಹೇಳುತ್ತಲೇ ಸನ್ನೆ ಮಾಡುತ್ತಾರೆ. ಈ ತಾಯಿ ಆ ಇಂಗ್ಲಿಷ್ ಪದ ಏನು ಅಂತ ತಡಕಾಡುವಷ್ಟರಲ್ಲಿ ಸನ್ನೆ ಮುಗಿದು ಮುಂದಿನದು ಬಂದಿರುತ್ತದೆ. ಕೈ ನೋಡಬೇಕಾದ ಹೊತ್ತಿಗೆ ಅವರು ಬಾಯಿ ನೋಡುತ್ತಿರುತ್ತಾರೆ. ಹೆತ್ತ ಮಗನ ಜೊತೆ ಮಾತಾಡೋಕೆ ಮೊದಲು ಇಂಗ್ಲಿಷ್ ಕಲಿತು ಬಾ ಅಂದ ಹಾಗಾಯಿತಲ್ವಾ? ಮೂರು ವಾರ ಬಂದರು, ನಿಲ್ಲಿಸಿದರು. ಆ ವರ್ಷದ ಫೈಲಿನಲ್ಲಿ ಯಾರೋ ಬರೆದಿದ್ದರು: ತಾಯಿಗೆ ಆಸಕ್ತಿ ಕಡಿಮೆ. ಓದಿ ನನಗೆ ಮೈ ಉರಿದುಹೋಯಿತು.

ಇದಕ್ಕೂ ಹಿಂದಿನ ಕತೆ ಇನ್ನೂ ಬೇಜಾರಿನದು. ಮಗುವಿಗೆ ಹಿಯರಿಂಗ್ ಏಡ್ ಹಾಕಿದಾಗ ಒಬ್ಬರು ತಜ್ಞರು ಸಲಹೆ ಕೊಟ್ಟಿದ್ದರಂತೆ: ಎರಡು ಭಾಷೆಯಾದರೆ ಮಗುವಿಗೆ ಗೊಂದಲ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ. ಈ ತಾಯಿಗೆ ಬರುತ್ತಿದ್ದದ್ದು ನಾಲ್ಕು ಇಂಗ್ಲಿಷ್ ವಾಕ್ಯ. ಆ ನಾಲ್ಕನ್ನೂ ಹೇಳಿ ಮುಗಿಸಿದ ಮೇಲೆ ಮಗುವಿನ ಹತ್ತಿರ ಮಾತಾಡುವುದನ್ನೇ ಕಮ್ಮಿ ಮಾಡಿದರು. ಲಾಲಿ ಹಾಡಬೇಕಾದರೂ ಅಳುಕು. ಹೀಗೆ ಹೇಳಿಸಿಕೊಂಡ ತಾಯಂದಿರು ನನಗೆ ಗೊತ್ತಿದ್ದವರೇ ಮೂರು ಜನ. ಹಿಯರಿಂಗ್ ಏಡ್ ಇರಲಿ, ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಇರಲಿ, ಹಾಕಿಕೊಂಡ ಮಕ್ಕಳು ಮನೆಯ ಮಾತು ಒಂದು, ಶಾಲೆಯ ಮಾತು ಒಂದು ಅಂತ ಎರಡೂ ಕಲಿತದ್ದು ಬೇಕಾದಷ್ಟಿದೆ. ಆದರೂ ಆ ಹಳೇ ಸಲಹೆ ಸಾಯಲೊಲ್ಲದು.

ಇನ್ನು ಅಕ್ಕ. ಕಿವಿ ಕೇಳುವ ಹುಡುಗಿ, ಮೂರೂ ಭಾಷೆ ಅವಳಿಗೆ ಅಷ್ಟಿಷ್ಟು ಬರುತ್ತೆ. ಮನೆಯ ದುಭಾಷಿ ಅವಳೇ, ಮನೆಯ ಸೆನ್ಸಾರ್ ಬೋರ್ಡೂ ಅವಳೇ. ಒಮ್ಮೆ ಗೇಟಿನ ಬಳಿ ನಮ್ಮ ಟೀಚರ್, "ಇವತ್ತು ಇಬ್ಬರಿಗೆ ಕಚ್ಚಿದ" ಅಂದರು. ಅವಳು ಅಮ್ಮನ ಕಡೆ ತಿರುಗಿ ಸ್ಪ್ಯಾನಿಷಿನಲ್ಲಿ, "ಇವತ್ತು ಚೆನ್ನಾಗಿ ಆಡಿದನಂತೆ" ಅಂದಳು. ನನಗೆ ಅಷ್ಟು ಸ್ಪ್ಯಾನಿಷ್ ಬರುತ್ತೆ ಅಂತ ಅವಳಿಗೆ ಗೊತ್ತಿರಲಿಲ್ಲ. ನಮ್ಮಿಬ್ಬರ ಕಣ್ಣು ಕೂಡಿತು. ನಾನೂ ಏನೂ ಹೇಳಲಿಲ್ಲ.

ಸ್ಪ್ಯಾನಿಷ್ ಮನೆಯ ಕಿವುಡ ಮಕ್ಕಳೆಲ್ಲ ಒಂದೇ ಥರ ಅಂದುಕೊಂಡರೂ ತಪ್ಪಾಗುತ್ತೆ. ಎರಡು ವರ್ಷದ ಹಿಂದೆ ಮೆಕ್ಸಿಕೊದ ಮಾಂಟೆರೇ ಕಡೆಯಿಂದ ಹನ್ನೊಂದರ ಹುಡುಗಿಯೊಬ್ಬಳು ಬಂದಳು. ಕೈ ಚಕಚಕ ಓಡುತ್ತಿತ್ತು. ನಮಗೆ ಒಂದೂ ತಿಳಿಯಲಿಲ್ಲ. ಮೊದಲ ವರದಿಯಲ್ಲಿ ‘ಭಾಷೆ ಇಲ್ಲ’ ಅಂತ ಬರೆದರು. ಭಾಷೆ ಇಲ್ಲದೇ ಇದ್ದದ್ದು ನಮಗೆ. ಅವಳದ್ದು ಮೆಕ್ಸಿಕೊದ ಸನ್ನೆ ಭಾಷೆ, ಅಲ್ಲಿನವರು ಎಲ್‌ಎಸ್‌ಎಂ ಅನ್ನುತ್ತಾರೆ. ಎಎಸ್‌ಎಲ್ ಬಂದವರಿಗೆ ಅದು ತಾನಾಗಿ ಅರ್ಥವಾಗುವುದಿಲ್ಲ. ಅದರ ಬೆರಳಕ್ಷರದಲ್ಲಿ ಸ್ಪ್ಯಾನಿಷಿನ ‘ಞ’ದಂಥ ಅಕ್ಷರವೂ ಉಂಟು.

ತಮಾಷೆ ಅಂದರೆ, ಎರಡಕ್ಕೂ ಫ್ರಾನ್ಸಿನ ಬೇರಿದೆ. ಲೊರಾಂ ಕ್ಲೇರ್ ಎಂಬ ಕಿವುಡ ಮೇಷ್ಟ್ರು ಪ್ಯಾರಿಸ್ಸಿನಿಂದ ಹಡಗು ಹತ್ತಿ ಬಂದು, 1817ರಲ್ಲಿ ಹಾರ್ಟ್‌ಫರ್ಡಿನಲ್ಲಿ ಅಮೆರಿಕದ ಕಿವುಡರ ಶಾಲೆ ಶುರು ಮಾಡಿದವರಲ್ಲಿ ಒಬ್ಬರಾದರು. ಅದಾಗಿ 50 ವರ್ಷಕ್ಕೆ, 1867ರಲ್ಲಿ, ಎದುವಾರ್ ಉವೆ ಎಂಬ ಇನ್ನೊಬ್ಬ ಕಿವುಡ ಫ್ರೆಂಚ್ ಮೇಷ್ಟ್ರು ಮೆಕ್ಸಿಕೊ ನಗರದಲ್ಲಿ ಶಾಲೆ ತೆರೆದರು. ಒಂದೇ ಊರಿನ ಬೀಜ, ಬೇರೆ ಮಣ್ಣು. ಹಾಗೇ ಬೆಳೆದು ಒಬ್ಬರ ಗುರುತು ಒಬ್ಬರಿಗೆ ಸಿಗದಷ್ಟು ದೂರವಾದವು. ಮೆಕ್ಸಿಕೊ 2005ರಲ್ಲಿ ಎಲ್‌ಎಸ್‌ಎಂ ಅನ್ನು ಕಾನೂನಿನಲ್ಲೇ ದೇಶದ ಭಾಷೆಯೆಂದು ಒಪ್ಪಿಕೊಂಡಿದೆ.

ಆ ಹುಡುಗಿಯ ಭಾಷೆ ಪತ್ತೆ ಮಾಡಿದ್ದು ನಮ್ಮ ಕ್ಯಾಂಟೀನಿನಲ್ಲಿ, ನನ್ನಂತೆಯೇ ಸಹಾಯಕನಾಗಿರುವ ಒಬ್ಬ ಕಿವುಡ. ಗಡಿಯ ಊರಿನಲ್ಲಿ ಬೆಳೆದವನು, ಆಚೆಯ ಸನ್ನೆ ಈಚೆಯ ಸನ್ನೆ ಎರಡೂ ಬಲ್ಲವನು. ಹುಡುಗಿಯ ಎದುರು ತಟ್ಟೆ ಹಿಡಿದು ಕೂತ. ಹತ್ತು ನಿಮಿಷ ಆದ ಮೇಲೆ ಬಂದು ನನಗೆ ಸನ್ನೆಯಲ್ಲಿ ಹೇಳಿದ: "ಭಾಷೆ ಇಲ್ಲ ಅಂದಿರಾ? ಇವಳು ನಿಮ್ಮೆಲ್ಲರ ಮೇಲೆ ದೂರು ಹೇಳಿ ಮುಗಿಸಿದಳು!"

ಎಲ್ಲ ಮಕ್ಕಳಿಗೂ ಇಂಥವನೊಬ್ಬ ಸಿಗುವುದಿಲ್ಲ. ಮಿಗೆಲ್ ಪೆರೆಸ್ ಎಂಬ ಕಿವುಡ ಯುವಕನ ಪ್ರಕರಣ 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋಯಿತು. ಮೆಕ್ಸಿಕೊದಿಂದ ಬಂದು ಒಂಬತ್ತನೇ ವಯಸ್ಸಿಗೆ ಮಿಷಿಗನ್ ರಾಜ್ಯದ ಸ್ಟರ್ಜಿಸ್ ಊರಿನ ಶಾಲೆ ಸೇರಿದವನು, ಇಪ್ಪತ್ತರ ತನಕ ಅಲ್ಲೇ ಓದಿದ. ಸನ್ನೆಗೆಂದು ಕೊಟ್ಟ ಸಹಾಯಕರಿಗೆ ಅರ್ಹತೆ ಇರಲಿಲ್ಲ, ಗಂಟೆಗಟ್ಟಲೆ ಕಾಣೆಯಾಗುತ್ತಿದ್ದರು ಅನ್ನುವುದು ಅವನ ಮತ್ತು ಮನೆಯವರ ದೂರು. ರಿಪೋರ್ಟ್ ಕಾರ್ಡಿನಲ್ಲಿ ಮಾತ್ರ ಒಳ್ಳೊಳ್ಳೆ ಗ್ರೇಡು, ವರ್ಷವರ್ಷವೂ ಪಾಸು. ಪದವಿ ದಿನಕ್ಕೆ ಇನ್ನು ಕೆಲವೇ ತಿಂಗಳಿದೆ ಅನ್ನುವಾಗ, ಹೈಸ್ಕೂಲು ಮುಗಿಸಿದ ಡಿಪ್ಲೊಮಾ ಕೊಡಲು ಆಗಲ್ಲ ಅಂದರು. ಪರಿಹಾರ ಕೇಳಿ ಅಂಗವಿಕಲರ ಹಕ್ಕಿನ ಕಾನೂನಿನಡಿ ಅವನು ದಾವೆ ಹೂಡಬಹುದು ಅಂತ ಒಂಬತ್ತು ಜನ ನ್ಯಾಯಾಧೀಶರೂ ಒಂದೇ ದನಿಯಲ್ಲಿ ತೀರ್ಪು ಕೊಟ್ಟರು. ಸಂತೋಷವೇ. ಆದರೆ ನಾನೂ ಒಬ್ಬ ಸಹಾಯಕಿ ಅಲ್ವಾ, ಆ ಸುದ್ದಿ ಓದಿದ ರಾತ್ರಿ ನನ್ನ ಎಎಸ್‌ಎಲ್ ಎಷ್ಟು ಗಟ್ಟಿ ಅಂತ ಯೋಚಿಸುತ್ತಾ ನಿದ್ದೆ ಬರಲಿಲ್ಲ.

ಇಷ್ಟೆಲ್ಲ ಮನಸ್ಸಿಗೆ ಹತ್ತೋದಕ್ಕೆ ನನ್ನ ಚಿಕ್ಕವ್ವನ ಮಗ ಕಾರಣ. ಅವನೂ ಕಿವುಡ, ಈಗ ಮೂವತ್ತು ದಾಟಿದವನು. ಅವನಿಗೆ ಮಾತು ಬರಲಿ ಅಂತ ಬನಶಂಕರಿ ಜಾತ್ರೆಗೆ ಹೊತ್ತ ಹರಕೆಗಳಿಗೆ ಲೆಕ್ಕವಿಲ್ಲ. ಚಿಕ್ಕವ್ವನಿಗೆ ಯಾರೂ ಒಂದು ಸನ್ನೆಯನ್ನೂ ಕಲಿಸಲಿಲ್ಲ. ಅವರಿಬ್ಬರೇ ಕಟ್ಟಿಕೊಂಡ ಮೂವತ್ತು ನಲವತ್ತು ಸನ್ನೆಯಲ್ಲಿ ಜೀವನ ನಡೆದಿದೆ. ರೊಟ್ಟಿಗೆ ಅವನ ಸನ್ನೆ ಎರಡೂ ಅಂಗೈ ತಟ್ಟೋದು, ಜೋಳದ ರೊಟ್ಟಿ ಬಡಿದ ಹಾಗೆ. ಕ್ಯಾಲೆಂಡರ್ ತಂದ ತಾಯಿಯ ಹುಡುಗ ಶಾಲೆಯ ಮೊದಲ ವಾರ ಊಟದ ಹೊತ್ತಿಗೆ ನನ್ನ ಮುಂದೆ ನಿಂತು ಅಂಗೈ ತಟ್ಟಿದ. ಟೀಚರ್ ಅವನು ಚಪ್ಪಾಳೆ ಹೊಡೀತಿದ್ದಾನೆ ಅಂದುಕೊಂಡರು. ನಾನು ಮಾತ್ರ ಅವನ ಡಬ್ಬಿ ತೆಗೆದು ತೋರ್ತಿಯಾ, ಅಂದರೆ ಅವರ ರೊಟ್ಟಿ, ಕೈಗಿಟ್ಟೆ. ಅವನ ಅಮ್ಮನೂ ಸ್ಯಾನ್ ಹುವಾನ್ ಊರಿನ ಮಾತೆಯ ಗುಡಿಗೆ ಮೂರು ಸಲ ಹರಕೆ ಹೊತ್ತು ಹೋಗಿ ಬಂದವರೇ ಅಂತ ಆಮೇಲೆ ತಿಳಿಯಿತು.

ಕ್ಯಾಲೆಂಡರ್ ಪ್ರಸಂಗ ಆದ ಮೇಲೆ ಆ ಕಿವುಡ ಸಹಾಯಕ ಒಂದು ಉಪಾಯ ಮಾಡಿದ. ಚರ್ಚಿನವರ ಹಾಲ್ ಕೇಳಿಕೊಂಡು ಶನಿವಾರ ಬೆಳಿಗ್ಗೆ ತಾಯಂದಿರಿಗೆ ತಾನೇ ಪಾಠ ಶುರು ಮಾಡಿದ. ಅವನ ನಿಯಮ ಒಂದೇ, ಯಾರೂ ಬಾಯಿ ತೆರೆಯುವ ಹಾಗಿಲ್ಲ. ಇಂಗ್ಲಿಷೂ ಇಲ್ಲ, ಸ್ಪ್ಯಾನಿಷೂ ಇಲ್ಲ. ಲಟ್ಟಣಿಗೆ, ಬಾಣಲೆ, ಔಷಧಿ ಬಾಟಲಿ, ಅಜ್ಜಿಯ ಫೋಟೊ, ಎಲ್ಲವನ್ನೂ ಅವರವರ ಮನೆಯಿಂದಲೇ ತರಿಸಿದ. ವಸ್ತು ಎತ್ತಿ ಹಿಡಿಯೋದು, ಸನ್ನೆ ಮಾಡೋದು. ಬರೆಯಲೇಬೇಕಾದರೆ ಬೋರ್ಡಿನಲ್ಲಿ ಎರಡೂ ಭಾಷೆ. ಮೊದಲ ಶನಿವಾರ ಆರು ಜನ ಬಂದರು. ನನಗೆ ಇಂಗ್ಲಿಷ್ ಬರುತ್ತೆ ಅನ್ನೋ ಬಿಗುಮಾನ ಅಲ್ಲಿ ಮೂರು ಕಾಸಿಗೆ ಬಾಳಲಿಲ್ಲ. ಏಳೆಂಟು ವರ್ಷ ಕೈ ಮುಖದಲ್ಲೇ ಮಗು ಸಾಕಿದ ಆ ಹೆಂಗಸರು ನನಗಿಂತ ಬೇಗ ಹಿಡಿಯುತ್ತಿದ್ದರು. ‘ಆಸಕ್ತಿ ಕಡಿಮೆ’ ಇದ್ದ ನಮ್ಮ ಸೆನ್ಯೋರಾ ಒಂದು ಶನಿವಾರವೂ ತಪ್ಪಿಸಲಿಲ್ಲ. ನಾಲ್ಕನೇ ವಾರ ಕ್ಯಾಲೆಂಡರ್ ಮತ್ತೆ ತಂದರು. ಪ್ರತಿ ವಾರದ ಹೆಸರಿನ ಕೆಳಗೆ ಒಂದೊಂದು ಕೈಯ ಚಿತ್ರ ಬರೆದು ಅಂಟಿಸಿದ್ದರು. ಲೂನೆಸ್ (ಸೋಮವಾರ) ಕೆಳಗೆ ‘ಎಂ’, ಮಾರ್ತೆಸ್ ಕೆಳಗೆ ‘ಟಿ’.

ಹೋದ ತಿಂಗಳು ಅವರು ವಾಟ್ಸಾಪಿನಲ್ಲಿ ಒಂದು ವಿಡಿಯೊ ಕಳಿಸಿದರು. ಮಂಗಳವಾರದ್ದು. ಅಪ್ಪ ಆಗಷ್ಟೇ ಬಂದು ಬೂಟು ಬಿಚ್ಚುತ್ತಿದ್ದಾನೆ. ಮಗ ಎದುರು ನಿಂತು ಏನೋ ದೊಡ್ಡ ಕತೆ ಹೇಳುತ್ತಿದ್ದಾನೆ: ಮಳೆ, ಬೇಲಿ, ಓಡಿದ್ದು, ಬಿದ್ದದ್ದು. ನಡುನಡುವೆ ಎಡಗಿವಿ ಎಳೆದು ಎರಡು ಸಲ ಮೂಗು ಮುಟ್ಟಿಕೊಳ್ಳುತ್ತಾನೆ. ಅದು ನಾನು ಕಲಿತ ಯಾವ ಪಾಠದಲ್ಲೂ ಇರಲಿಲ್ಲ. ಏನದು ಅಂತ ಕೇಳಿ ಬರೆದೆ. ಸೆನ್ಯೋರಾ ನಗುತ್ತಾ ವಾಯ್ಸ್ ಮೆಸೇಜ್ ಕಳಿಸಿದರು. "ನಿಮಗೆ ಗೊತ್ತಿಲ್ವಾ ಮಾಯೆಸ್ತ್ರಾ? ಅದು ಪಕ್ಕದ ಮನೆ ನಾಯಿ. ಕಿವಿ ಹರಿದಿದೆಯಲ್ಲ, ಅದು." ಹಿಂದೆಯೇ ವಿಡಿಯೊ ಕಾಲ್ ಮಾಡಿ, ನನ್ನ ಕೈಯಲ್ಲಿ ಸರಿ ಬರುವ ತನಕ ಮೂರು ಸಲ ಮಾಡಿಸಿದರು.