ಲಿಂಕ್ ಕಡಿದಾಗ ಡಿಆರ್‌ಬಿಡಿ ಏನು ಮಾಡುತ್ತದೆ?

ಎರಡು ಸರ್ವರ್‌ಗಳ ನಡುವೆ ಡಿಆರ್‌ಬಿಡಿ (ಒಂದರ ಡಿಸ್ಕಿಗೆ ಬರೆದದ್ದನ್ನು ನೆಟ್‌ವರ್ಕ್ ಮೂಲಕ ಇನ್ನೊಂದರ ಡಿಸ್ಕಿಗೂ ಬರೆಯುವ ಲಿನಕ್ಸ್ ಸಾಫ್ಟ್‌ವೇರ್) ಹಾಕಿ 'ಪ್ರೋಟೊಕಾಲ್ ಸಿ' ಎಂದು ಬರೆದುಬಿಟ್ಟರೆ ಡೇಟಾ ಕಳೆಯುವುದೇ ಇಲ್ಲ ಎಂದು ಬಹಳ ಮಂದಿ ನಂಬಿರುತ್ತಾರೆ. ಎರಡೂ ಕಡೆ ಡಿಸ್ಕಿಗೆ ಬರೆದಾದ ಮೇಲೆಯೇ ಡೇಟಾಬೇಸ್‌ಗೆ ಉತ್ತರ ಹೋಗುವುದೇನೋ ನಿಜ, ಆದರೆ ಲಿಂಕ್ ಇರುವ ತನಕ ಮಾತ್ರ. ಲಿಂಕ್ ಹೋದರೆ, ನೀವು ಬೇರೇನೂ ಹೇಳಿಲ್ಲದಿದ್ದರೆ, ಪ್ರೈಮರಿ (ಡೇಟಾಬೇಸ್ ಓಡುತ್ತಿರುವ ಸರ್ವರ್) ಒಂಟಿಯಾಗಿಯೇ ಬರೆಯುತ್ತ ಹೋಗುತ್ತದೆ. ಗಂಟೆ ಕಳೆದು ಅದೂ ಕೆಟ್ಟಾಗ ಇನ್ನೊಂದನ್ನು ಪ್ರೈಮರಿ ಮಾಡಿದಿರೋ, ಆ ಗಂಟೆಯ ವಹಿವಾಟು ಅಲ್ಲಿರುವುದಿಲ್ಲ. ಹಳೆಯದು ಮತ್ತೆ ಎದ್ದು ಬಂದರೆ ಅದೇ ಸ್ಪ್ಲಿಟ್ ಬ್ರೇನ್, ಎರಡು ಕಡೆ ಎರಡು ಬೇರೆ ಡೇಟಾ: ಒಂದು ಕಡೆಯ ಬದಲಾವಣೆಗಳನ್ನು ಎಸೆಯಲೇಬೇಕು.

ಹಾಗಾಗಿ ಮೂರನೆಯ ನೋಡ್ (ಸರ್ವರ್) ಇರಲೇಬೇಕು. ಡಿಆರ್‌ಬಿಡಿ 9ರಲ್ಲಿ ಅದಕ್ಕೆ ಡಿಸ್ಕ್ ಬೇಡ, ಸಣ್ಣ ಮಷೀನ್ ಸಾಕು. ಕೋರಂ (ಎಷ್ಟು ನೋಡ್ ಜೊತೆಗಿದ್ದರೆ ಬರೆಯಬಹುದು ಎಂಬ ನಿಯಮ) 'ಮೆಜಾರಿಟಿ', ಅಂದರೆ ಬಹುಮತ, ಎಂದಿಟ್ಟರೆ, ಕಡಿದುಹೋದ ಒಂಟಿ ನೋಡ್ ಪ್ರೈಮರಿ ಆಗಲಾರದು. ಡಿಸ್ಕಿಲ್ಲದ ಮೂರನೆಯ ನೋಡ್ ಜೊತೆ ಉಳಿದ ಪ್ರೈಮರಿಯ ಡೇಟಾಗೆ ಆಗ ಪ್ರತಿಯಿಲ್ಲ ಎಂಬುದನ್ನು ಮರೆಯಬೇಡಿ. ಇನ್ನೊಂದು ಕಡೆಯ ಡಿಸ್ಕ್ 'ಅಪ್‌ಟುಡೇಟ್' ಅಲ್ಲದ ಕ್ಷಣವೇ ಅಲರ್ಟ್ ಬರಬೇಕು.

ಡೇಟಾಬೇಸ್‌ನ ಲಾಗ್ (ಬದಲಾವಣೆಗಳನ್ನು ಮೊದಲು ಬರೆದಿಡುವ ಫೈಲ್) ಒಂದು ಡಿಸ್ಕಿನಲ್ಲಿ, ಡೇಟಾ ಫೈಲ್ ಇನ್ನೊಂದರಲ್ಲಿ ಇದ್ದರೆ ಎರಡನ್ನೂ ಒಂದೇ ರಿಸೋರ್ಸ್‌ನ (ಡಿಆರ್‌ಬಿಡಿ ಒಟ್ಟಾಗಿ ನಕಲಿಸುವ ಗುಂಪಿನ) ವಾಲ್ಯೂಮ್‌ಗಳಾಗಿ ಮಾಡಿ. ಬೇರೆ ಬೇರೆ ರಿಸೋರ್ಸ್ ಮಾಡಿದರೆ ಅವುಗಳ ನಡುವೆ ಬರೆಯುವ ಅನುಕ್ರಮಕ್ಕೆ ಖಾತರಿಯಿಲ್ಲ. ಲಾಗ್‌ಗಿಂತ ಡೇಟಾ ಮುಂದೆ ಹೋದರೆ ರಿಕವರಿ ನೆಚ್ಚುವಂತಿಲ್ಲ. ವರ್ಚುವಲ್ ಮಷೀನ್ ಆದರೆ ಕೆವಿಎಂ (ಲಿನಕ್ಸ್‌ನಲ್ಲಿ ವರ್ಚುವಲ್ ಮಷೀನ್ ಓಡಿಸುವ ವ್ಯವಸ್ಥೆ) ಡಿಸ್ಕಿನ ಕ್ಯಾಶ್ 'ನನ್' (none) ಇರಲಿ. 'ಅನ್‌ಸೇಫ್' ಇದ್ದರೆ ಗೆಸ್ಟ್ (ವರ್ಚುವಲ್ ಮಷೀನ್) ಕೊಟ್ಟ ಫ್ಲಶ್, ಅಂದರೆ 'ಡಿಸ್ಕಿಗೆ ಈಗಲೇ ಬರೆ' ಎಂಬ ಆದೇಶ, ಹೋಸ್ಟ್‌ನಲ್ಲೇ ಸತ್ತುಹೋಗುತ್ತದೆ.

ಎರಡು ಸರ್ವರ್‌ಗಳ ನಡುವಿನ ದೂರದ ಲೆಕ್ಕ ಸರಳ: ಪ್ರತಿ ಕಮಿಟ್ (ವಹಿವಾಟು ಖಾಯಂ ಮಾಡುವುದು) ಆ ಕಡೆಯ ಉತ್ತರಕ್ಕೆ ಕಾಯಬೇಕು. ಫೈಬರ್‌ನಲ್ಲಿ ಬೆಳಕು 1 ಕಿ.ಮೀ.ಗೆ ಸುಮಾರು 5 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ, 100 ಕಿ.ಮೀ. ಹೋಗಿ ಬರಲು 1 ಮಿಲಿಸೆಕೆಂಡ್. ಹೋಗಿ ಬರುವುದಕ್ಕೆ 2 ಮಿಲಿಸೆಕೆಂಡ್ ಹಿಡಿದರೆ, ಒಂದರ ಹಿಂದೊಂದು ಕಮಿಟ್ ಮಾಡುವ ಕನೆಕ್ಷನ್ ಸೆಕೆಂಡಿಗೆ 500 ದಾಟಲಾರದು, ಎಷ್ಟೇ ದುಬಾರಿ ಎಸ್‌ಎಸ್‌ಡಿ ಹಾಕಿದರೂ. ಷೇರು ವಿನಿಮಯ ಕೇಂದ್ರಗಳಿಗೆ ಸೆಬಿ ದೂರದ ಡಿಆರ್ ಸೈಟ್ (ವಿಪತ್ತಿನಲ್ಲಿ ಬಳಸುವ ಬದಲಿ ಕೇಂದ್ರ) ಜೊತೆಗೆ 'ನಿಯರ್ ಸೈಟ್', ಅಂದರೆ ಹತ್ತಿರದ ಕೇಂದ್ರ, ಕೂಡ ಇರಬೇಕು ಎಂದಿರುವುದು ಡೇಟಾ ಒಂದಿಷ್ಟೂ ಕಳೆಯಬಾರದೆಂದೇ.

ಬ್ಯಾಕಪ್ ನಿಲ್ಲಿಸುವ ಯೋಚನೆ ಬಿಡಿ: ಯಾರೋ ಟೇಬಲ್ ಡ್ರಾಪ್ ಮಾಡಿದರೆ ಅದೂ ಅಷ್ಟೇ ನಿಷ್ಠೆಯಿಂದ ಆ ಕಡೆಗೆ ಹೋಗುತ್ತದೆ.

ಲಿಂಕ್ ಮರಳಿ ಬಂದಾಗಲೂ ಎಚ್ಚರ. ರೀಸಿಂಕ್ (ಹಿಂದೆ ಬಿದ್ದ ಡಿಸ್ಕನ್ನು ಮತ್ತೆ ಸರಿಸಮ ಮಾಡುವುದು) ಬ್ಲಾಕ್‌ಗಳನ್ನು ಬರೆದ ಅನುಕ್ರಮದಲ್ಲಿ ಕಳಿಸುವುದಿಲ್ಲ. ಮುಗಿಯುವ ತನಕ ಆ ಕಡೆಯ ಡಿಸ್ಕ್ 'ಇನ್‌ಕನ್ಸಿಸ್ಟೆಂಟ್'. ಮಧ್ಯೆ ಪ್ರೈಮರಿ ಕೆಟ್ಟರೆ ಉಳಿಯುವುದು ಅರೆಬೆಂದ ಡಿಸ್ಕ್. ಕೆಳಗೆ ಎಲ್‌ವಿಎಂ (ಲಿನಕ್ಸ್‌ನಲ್ಲಿ ಡಿಸ್ಕ್ ಜಾಗ ಹಂಚುವ ವ್ಯವಸ್ಥೆ) ಇದ್ದರೆ, ರೀಸಿಂಕ್‌ಗೆ ಮುಂಚೆ ತಾನೇ ಸ್ನಾಪ್‌ಶಾಟ್ (ಡಿಸ್ಕಿನ ಆ ಕ್ಷಣದ ಸ್ಥಿತಿ) ತೆಗೆಯುವ ಹ್ಯಾಂಡ್ಲರ್ ಸ್ಕ್ರಿಪ್ಟ್ ಡಿಆರ್‌ಬಿಡಿ ಜೊತೆಗೇ ಬರುತ್ತದೆ. ಎಲ್‌ವಿಎಂನ ವಾಲ್ಯೂಮ್ ಗ್ರೂಪ್‌ನಲ್ಲಿ ಸ್ನಾಪ್‌ಶಾಟ್‌ಗೆ ಧಾರಾಳವಾಗಿ ಜಾಗ ಬಿಡಿ, ತುಂಬಿಹೋದ ಸ್ನಾಪ್‌ಶಾಟ್ ಕೆಲಸಕ್ಕೆ ಬರುವುದಿಲ್ಲ.