ಅಮ್ಮನಿಗೆ ಸೀರೆ

ಸೋಮವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. "ಅಮ್ಮನಿಗೆ ಸೀರೆ ಉಡಿಸದೆ ಇನ್ನೇನಪ್ಪಾ ಉಡಿಸೋದು?"

ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದ ತೇರಿಗೆ ಭಾವನನ್ನೂ ಕರೆದುಕೊಂಡು ಹೋಗಿದ್ದೆ. ಸೆಪ್ಟೆಂಬರ್ 8ರ ಆ ಜನ, ಆ ನೂಕುನುಗ್ಗಲು! ಕಾವಿ ಸೀರೆ ಉಟ್ಟು ಬರಿಗಾಲಲ್ಲಿ ಬಂದ ಹೆಂಗಸರು, ಹೆಗಲ ಮೇಲೆ ಮಕ್ಕಳು. ಸೀರೆ ಉಟ್ಟು, ಕೈಯಲ್ಲಿ ಮಗು ಎತ್ತಿಕೊಂಡ ಆರೋಗ್ಯ ಮಾತೆ, ಯೇಸುವಿನ ತಾಯಿ ಮೇರಿ. ಭಾವ ಸುಮ್ನಿರಲಿಲ್ಲ. "ತೇರು, ಸೀರೆ, ಕಾವಿ, ಎಲ್ಲಾ ನಮ್ಮಿಂದ ತಗೊಂಡಿದ್ದೇ ಅಲ್ವಾ?" ಅಂದರು, ಸ್ವಲ್ಪ ಜೋರಾಗಿಯೇ. ಭಾವ ಕೆಟ್ಟವರಲ್ಲ. ಕಷ್ಟ ಅಂದ್ರೆ ಮೊದಲು ಓಡಿ ಬರೋರು ಅವರೇ. ಆದರೆ ಬಾಯಿಗೆ ಬಂದದ್ದನ್ನು ತಡೆಯೋದು ಗೊತ್ತಿಲ್ಲ.

ಮುಂದಿದ್ದ ಅಜ್ಜಿ ತಿರುಗಿ ನೋಡಿದರು. ಆಗಲೇ ಆ ಮಾತು ಅಂದಿದ್ದು. ಕೋಪ ಇರಲಿಲ್ಲ, ನಿಜವಾಗಿ ಕೇಳಿದ ಪ್ರಶ್ನೆ. ಅವರ ಕೊರಳಲ್ಲಿ ಅರಿಶಿನ ದಾರ, ಅದರಲ್ಲಿ ತಾಳಿ. ತಾಳಿಯ ಮೇಲೆ ಅಕ್ಕಿಕಾಳಿನಷ್ಟು ಶಿಲುಬೆ. ಮುಟ್ಟಿ ಮುಟ್ಟಿ ಅಂಚು ಸವೆದಿತ್ತು.

"ತಗೊಂಡಿದ್ದು" ಅನ್ನೋ ಮಾತೇ ತಪ್ಪು ಅಂತ ನನಗೆ ಅನಿಸುತ್ತದೆ. ಆ ಅಜ್ಜಿಯ ಹಿರಿಯರು ಯಾವತ್ತೋ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದಾಗ ಉಟ್ಟ ಸೀರೆ, ಕಟ್ಟಿದ ತಾಳಿ ಯಾರಿಂದಲೋ ತಂದದ್ದಾ? ಅವರದ್ದೇ ಅಲ್ವಾ? ದೇವರು ಬದಲಾದರೂ ಕೈ ಅದೇ. ಹೂ ಕಟ್ಟೋ ಕೈ, ತೇರು ಎಳೆಯೋ ಕೈ.

ಎಲ್ಲಾ ಕಡೆ ಹೀಗೇ ಆಗಿದೆ. ಈಜಿಪ್ಟಿನಲ್ಲಿ ಜೀವದ ಗುರುತಾಗಿದ್ದ ಅಂಖ್, ತಲೆಯ ಮೇಲೆ ಕುಣಿಕೆ ಇರುವ ಆ ಚಿಹ್ನೆ, ಅಲ್ಲಿನ ಕಾಪ್ಟಿಕ್ ಕ್ರೈಸ್ತರಿಗೆ ಶಿಲುಬೆಯಾಯಿತು. ಅಲ್ಲೇ ಫಿಲೈ ದ್ವೀಪದ ಐಸಿಸ್ ದೇವಿಯ ಗುಡಿ 6ನೇ ಶತಮಾನದಲ್ಲಿ ಚರ್ಚ್ ಆಯಿತು. ಹಳೆಯ ಕಲ್ಲಿನ ಮೇಲೇ ಶಿಲುಬೆ ಕೆತ್ತಿದರು. ರೋಮಿನ ನೆಲದಡಿಯ ಸಮಾಧಿಗಳಲ್ಲಿ ಕುರಿಮರಿ ಹೊತ್ತ ಯೇಸುವಿನ ಚಿತ್ರಗಳಿವೆ. ಅದಕ್ಕೂ ನೂರಾರು ವರ್ಷ ಮೊದಲೇ ಗ್ರೀಕರು ಹೆಗಲ ಮೇಲೆ ಮರಿ ಹೊತ್ತವನ ಮೂರ್ತಿ ಮಾಡುತ್ತಿದ್ದರು. ಅಷ್ಟು ದೂರ ಯಾಕೆ, ನಮ್ಮ ಮನೆ ಬಾಗಿಲ ಮೇಲೆ ಎರಡು ಆನೆ ನೀರೆರೆಯುವ ಲಕ್ಷ್ಮಿ ಇದ್ದಾಳೆ. ಆ ರೂಪ ಸಾಂಚಿಯ ಬೌದ್ಧ ಸ್ತೂಪದ ತೋರಣದಲ್ಲೂ ಇದೆ, ಜೈನ ಬಸದಿಗಳ ಬಾಗಿಲಲ್ಲೂ ಇದೆ. ಹಾಗಾದ್ರೆ ಅವಳನ್ನು ಯಾರು ಯಾರಿಂದ ತಗೊಂಡರು? ಭಾವನನ್ನು ಕೇಳಬೇಕು ಅಂದುಕೊಂಡೆ, ಕೇಳಲಿಲ್ಲ.

ತೇರು ಹತ್ತಿರ ಬಂತು. ಜನ ಒಮ್ಮೆಲೇ ಮುಂದಕ್ಕೆ ನುಗ್ಗಿದರು. ಅಜ್ಜಿ ಎಡವಿದರು. ಭಾವ ಥಟ್ಟನೆ ಅವರ ತೋಳು ಹಿಡಿದುಕೊಂಡರು, ತೇರು ದಾಟುವವರೆಗೂ ಬಿಡಲಿಲ್ಲ. ತೇರಿನಿಂದ ಬಿದ್ದ ಸೇವಂತಿಗೆಯೊಂದನ್ನು ಅಜ್ಜಿ ಆಯ್ದು ಕಣ್ಣಿಗೆ ಒತ್ತಿಕೊಂಡರು, ನಮ್ಮಮ್ಮ ಒತ್ತಿಕೊಳ್ಳುವ ಹಾಗೇ. ಅರ್ಧ ಮುರಿದು ಭಾವನ ಕೈಗೆ ಕೊಟ್ಟರು. ಭಾವ ಚಪ್ಪಲಿ ಕಳಚಿ ನಿಂತು ತಗೊಂಡರು.